ಹಿಂದಿನ ಬೆಂಚಿನ ಮಗು ಯಾರದು?

(ಉತ್ತರ ಬೆಂಗಳೂರಿನ ಶಾಲಾ ಹಾಗೂ ಮದ್ರಸ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಕರನ್ನು ಹೊಗಳುವ ಮಾತುಗಳಿಗೆ ನಮ್ಮ ಸಭೆಗಳಲ್ಲಿ ಬರವಿಲ್ಲ. ಸೆಪ್ಟೆಂಬರ್ 5ರಂದು ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಮರುದಿನ ಅದೇ ಶಿಕ್ಷಕಿ ಐವತ್ತು ಮಕ್ಕಳಿರುವ ತರಗತಿಗೆ ಒಬ್ಬಳೇ ಕಾಲಿಡುತ್ತಾಳೆ. ಆ ಐವತ್ತರಲ್ಲಿ ನಲವತ್ತೈದು ಮಕ್ಕಳು ಹೇಗೋ ಕಲಿತುಕೊಳ್ಳುತ್ತಾರೆ. ಆಕೆಯ ನಿದ್ದೆಗೆಡಿಸುವವರು ಉಳಿದ ಐವರು. ಇಂದು ನಾನು ಮಾತನಾಡಬೇಕೆಂದಿರುವುದು ಆ ಐವರ ಬಗ್ಗೆ, ಮತ್ತು ಅವರೊಂದಿಗೆ ಏಗಿ ದಣಿದಿರುವ ನಿಮ್ಮ ಬಗ್ಗೆ.

ತಂಟೆಕೋರ, ದಡ್ಡ, ಪೋಕರಿ ಎಂಬ ಹೆಸರುಗಳನ್ನು ನಾವು ಬಹಳ ಸುಲಭವಾಗಿ ಹಂಚುತ್ತೇವೆ. ಆದರೆ ಈ ಮಕ್ಕಳು ಎಲ್ಲಿಂದ ಬರುತ್ತಾರೆಂದು ವಿಚಾರಿಸಿದ್ದೇವೆಯೇ? ಯಶವಂತಪುರದ ಯಾರ್ಡಿನಲ್ಲಿ ಬೆಳಗಿನ ಜಾವವೇ ಮೂಟೆ ಹೊರಲು ಹೋಗುವ ತಂದೆಗೆ ಮಗನ ನೋಟ್ ಪುಸ್ತಕ ನೋಡಲು ಬಿಡುವಿಲ್ಲ. ಯಲಹಂಕ, ಹೆಬ್ಬಾಳದ ಕಟ್ಟಡ ಕೆಲಸಕ್ಕಾಗಿ ಯಾದಗಿರಿ, ರಾಯಚೂರಿನಿಂದ ಬಂದ ಕುಟುಂಬ ಕೆಲಸ ಮುಗಿದೊಡನೆ ಶೆಡ್ಡು ಬದಲಿಸುತ್ತದೆ. ಮಗುವಿನ ಶಾಲೆಯೂ ಬದಲಾಗುತ್ತದೆ. ಆರ್.ಟಿ. ನಗರದ ಮನೆಯಲ್ಲಿ ದಖ್ಖನಿ ಉರ್ದು ಮಾತನಾಡುವ ಮಗು ಶಾಲೆಯಲ್ಲಿ ಇಂಗ್ಲಿಷ್ ಪುಸ್ತಕವನ್ನು, ಕನ್ನಡದ ವ್ಯಾಕರಣವನ್ನು ಒಮ್ಮೆಗೇ ಎದುರಿಸುತ್ತದೆ. ಪ್ರಶ್ನೆಯೇ ಅರ್ಥವಾಗದ ಮಗು ಒಂದೋ ಸುಮ್ಮನಿರುತ್ತದೆ, ಇಲ್ಲವೇ ಗಲಾಟೆ ಮಾಡುತ್ತದೆ. ಎರಡನ್ನೂ ನಾವು ಅಹಂಕಾರವೆಂದು ತಿಳಿಯುತ್ತೇವೆ.

ಕೊರೋನಾದಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ನಮ್ಮ ಕಿರಿಯ ಪ್ರಾಥಮಿಕ ತರಗತಿಗಳು ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಕ್ಷರ ಕಲಿಯಬೇಕಾದ ಒಂದೂವರೆ ವರ್ಷವನ್ನು ಕಳೆದುಕೊಂಡ ಮಕ್ಕಳು ಈಗ ಮೇಲಿನ ತರಗತಿಗಳಲ್ಲಿದ್ದಾರೆ. ಓದಲು ತಡವರಿಸುವ ಹುಡುಗ ಪುಸ್ತಕ ತೆರೆಯದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ, ನಾಚಿಕೆಯೂ ಕಾರಣವಾಗಿರಬಹುದು. ಕೆಲವು ಮಕ್ಕಳ ಕಣ್ಣು ಮಂಜಾಗಿರುತ್ತದೆ, ಕೆಲವರಿಗೆ ಕಿವಿ ಸರಿಯಾಗಿ ಕೇಳಿಸದು. ಬುದ್ಧಿ ಚುರುಕಾಗಿದ್ದರೂ ಅಕ್ಷರಗಳು ಗೊಂದಲಗೊಳಿಸುವ ಮಕ್ಕಳೂ ಇದ್ದಾರೆ. ಇಂತಹ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿ ಗುರುತಿಸಿದೆ. ಇದೇ ನಗರದಲ್ಲಿ ನಿಮ್ಹಾನ್ಸ್‌ನಂತಹ ಸಂಸ್ಥೆಯಿರುವಾಗ ಬೆತ್ತವನ್ನೇ ಮೊದಲ ಚಿಕಿತ್ಸೆಯನ್ನಾಗಿಸುವುದು ಯಾವ ನ್ಯಾಯ?

ಬಂಧುಗಳೇ, ಬೆತ್ತವು ನಮ್ಮ ಪರಂಪರೆಯೆಂದು ವಾದಿಸುವವರಿದ್ದಾರೆ. ಅವರು ಇಬ್ನ್ ಖಲ್ದೂನ್‌ರನ್ನು ಓದಬೇಕು. 1377ರಲ್ಲಿ ಬರೆದ 'ಮುಖದ್ದಿಮ'ದಲ್ಲಿ ಅವರು ವಿದ್ಯಾರ್ಥಿಗಳ ಮೇಲಿನ ಕಠೋರತೆಯ ಹಾನಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ದಬ್ಬಾಳಿಕೆಯಲ್ಲಿ ಬೆಳೆದ ಮಗುವಿನ ಉಲ್ಲಾಸ ಬತ್ತುತ್ತದೆ, ಅದು ಸೋಮಾರಿಯಾಗುತ್ತದೆ, ಏಟಿನಿಂದ ಪಾರಾಗಲು ಸುಳ್ಳು ಮತ್ತು ವಂಚನೆಯನ್ನು ಕಲಿಯುತ್ತದೆ ಎಂಬುದು ಅವರ ವಾದದ ಸಾರ. ಹತ್ತು ವರ್ಷ ಪ್ರವಾದಿಯವರ(ಸ) ಸೇವೆಯಲ್ಲಿದ್ದ ಅನಸ್(ರ), ತಮ್ಮನ್ನು ಅವರು ಒಮ್ಮೆಯೂ ಗದರಿಸಲಿಲ್ಲವೆಂದು ಸ್ಮರಿಸಿದ್ದಾರೆ. ಅನಸ್ ಸೇವೆಗೆ ಸೇರಿದಾಗ ಬಾಲಕರಾಗಿದ್ದರು ಎಂಬುದನ್ನು ಮರೆಯಬಾರದು.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲವೆಂದು 16ನೇ ಕಲಮು ಹೇಳುತ್ತದೆ. ಆದರೆ ಮದ್ರಸಗಳು ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಅಲ್ಪಸಂಖ್ಯಾತ ಶಾಲೆಗಳಿಗೂ ಅದು ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿದೆ. ನ್ಯಾಯಾಲಯದ ಅಂತಿಮ ನಿಲುವು ಏನೇ ಇರಲಿ, ನಮಗೆ ಸಿಕ್ಕಿರುವ ಈ ವಿನಾಯಿತಿ ಮಗುವನ್ನು ಹೊಡೆಯಲು ಅಥವಾ ಅದರ ಕೈಗೆ ಟಿ.ಸಿ. ಕೊಡಲು ನೀಡಿದ ಪರವಾನಗಿಯಲ್ಲ. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೇ ಹೋಗಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತ್ತು. ಅದನ್ನು ನಾವು ಸರಕಾರದ ವಿರುದ್ಧದ ಭಾಷಣಗಳಲ್ಲಿ ಉಲ್ಲೇಖಿಸುತ್ತೇವೆ, ಉಲ್ಲೇಖಿಸಲೇಬೇಕು. ಆದರೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗನನ್ನು ಹೊರದಬ್ಬಿದ ಕೈಗಳಲ್ಲಿ ನಮ್ಮದೂ ಇತ್ತೇ ಎಂದು ಕೇಳಿಕೊಳ್ಳಬೇಡವೇ?

ಹಾಗಾದರೆ ಮಾಡಬೇಕಾದ್ದೇನು? 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು 'ನಲಿ-ಕಲಿ'ಯನ್ನು ಆರಂಭಿಸಿದರು. ಆ ಪದ್ಧತಿಯಲ್ಲಿ ಮಗು ಕಾರ್ಡುಗಳ ಮೂಲಕ ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಹತ್ತು ದಿನ ಗೈರುಹಾಜರಾದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಅದು ಹಬ್ಬಿತು. ಹಿಂದುಳಿದ ತಾಲೂಕೊಂದರ ಸಾಮಾನ್ಯ ಶಿಕ್ಷಕರು ಆರಂಭಿಸಿದ ಕೆಲಸವದು. ನಿಮ್ಮ ತರಗತಿಯಲ್ಲೂ ಆ ಐವರು ಎಲ್ಲಿ ನಿಂತಿದ್ದಾರೋ ಅಲ್ಲಿಂದಲೇ ಪಾಠ ಆರಂಭಿಸಿರಿ. ಏಳನೇ ತರಗತಿಯ ಹುಡುಗನಿಗೆ ಎರಡನೇ ತರಗತಿಯ ಪುಟ ಬೇಕಿದ್ದರೆ, ಇತರರ ಎದುರು ಅವನ ಮಾನ ಹೋಗದಂತೆ ಅದನ್ನು ಕೊಡಿರಿ. ದೂರು ಹೇಳಲು ಮಾತ್ರ ಪೋಷಕರನ್ನು ಕರೆಸುವ ಬದಲು, ಒಮ್ಮೆ ಒಳ್ಳೆಯ ಸುದ್ದಿ ಹೇಳಲು ಅವರ ಮನೆಗೆ ಹೋಗಿರಿ.

ಆಡಳಿತ ಮಂಡಳಿಯ ಹಿರಿಯರಲ್ಲೂ ಒಂದು ವಿನಂತಿಯಿದೆ. ಅಲ್ಪ ಸಂಬಳ ಕೊಟ್ಟು, ಅರವತ್ತು ಮಕ್ಕಳನ್ನು ಒಪ್ಪಿಸಿ, ಶೇಕಡಾ ನೂರು ಫಲಿತಾಂಶ ಕೇಳಿದರೆ ಶಿಕ್ಷಕ ದುರ್ಬಲ ಮಗುವನ್ನು ಹೊರೆಯೆಂದೇ ಭಾವಿಸುತ್ತಾನೆ. ಫಲಕದ ಮೇಲಿನ ಶೇಕಡಾವಾರಿಗಾಗಿ ಒಂಬತ್ತನೇ ತರಗತಿಯಲ್ಲೇ ಮಕ್ಕಳನ್ನು ಸೋಸಿ ಬಿಡುವ ಶಾಲೆ ವಿದ್ಯಾಸಂಸ್ಥೆಯೆನ್ನಿಸದು.

ಶಿಕ್ಷಕ ಮಿತ್ರರೇ, ಎಲ್ಲ ಮಕ್ಕಳನ್ನೂ ನೀವು ಗೆಲ್ಲಲಾರಿರಿ. ಕೆಲವು ಪ್ರಯತ್ನಗಳ ಫಲ ನಿಮ್ಮ ಕಣ್ಣೆದುರು ಕಾಣದು. ಆದರೂ ನಾಳೆ ಹಾಜರಿ ಕರೆಯುವಾಗ ಆ ಐವರ ಹೆಸರನ್ನು ಉಳಿದವರ ಹೆಸರಿನಷ್ಟೇ ಮಮತೆಯಿಂದ ಕರೆಯಿರಿ. ಅವರಲ್ಲೊಬ್ಬ ಎರಡು ದಿನ ಬಾರದಿದ್ದರೆ ಕಾರಣ ವಿಚಾರಿಸಿರಿ. ತನ್ನ ಗೈರುಹಾಜರಿಯನ್ನು ಗಮನಿಸುವವರೊಬ್ಬರಿದ್ದಾರೆಂದು ತಿಳಿದ ಮಗು ಶಾಲೆಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.