ಒಂಟಿ ಒಲೆಯ ಲೆಕ್ಕ



ಒಬ್ಬರೇ ಇರುವವರಿಗೆ ಖರ್ಚೇನಿರುತ್ತದೆ ಎಂದು ಕೇಳುವವರುಂಟು. ನಾಲ್ಕು ಮಂದಿಯ ಮನೆಗೆ ತಿಂಗಳಿಗೆ ಇಷ್ಟು ಹೋದರೆ ಒಬ್ಬರಿಗೆ ಅದರ ಕಾಲುಭಾಗ ಸಾಕಲ್ಲ ಎಂಬ ಲೆಕ್ಕ ಅವರದು. ಬದುಕಿ ನೋಡಿದವರಿಗೆ ಗೊತ್ತು, ಆ ಲೆಕ್ಕ ಎಂದೂ ಕೂಡುವುದಿಲ್ಲ. ಕೋಣೆಯ ಬಾಡಿಗೆ ಒಬ್ಬರಿದ್ದರೂ ಅಷ್ಟೇ, ಇಬ್ಬರಿದ್ದರೂ ಅಷ್ಟೇ. ಸಂತೆಯಲ್ಲಿ ಕೊತ್ತಂಬರಿ ಸಿವುಡನ್ನು ಅರ್ಧ ಮಾಡಿ ಕೊಡುವವರಿಲ್ಲ. ಗಿರಣಿಗೆ ಹೋಗಿ ಜೋಳ ಜಾಸ್ತಿ ಬೀಸಿಸಿಕೊಂಡು ಬಂದರೆ ಹಿಟ್ಟು ಹಳತಾಗಿ ಜಿಗಿ ಕಳೆದುಕೊಳ್ಳುತ್ತದೆ, ಬಡಿಯಲು ಹೋದರೆ ರೊಟ್ಟಿ ಹರಿಯುತ್ತದೆ. ಕಡಿಮೆ ಬೀಸಿಸಿದರೆ ಗಿರಣಿಗೆ ಮತ್ತೆ ಮತ್ತೆ ನಡೆಯಬೇಕು. ಪೇಟೆಯ ಅಳತೆಗಳೆಲ್ಲ ಸಂಸಾರದ ಅಳತೆಗಳು. ಒಂಟಿ ಮನುಷ್ಯ ಅವುಗಳ ನಡುವೆ ತನ್ನ ಅಳತೆಯನ್ನು ತಾನೇ ಹುಡುಕಿಕೊಳ್ಳಬೇಕಾಗುತ್ತದೆ.

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಹೀಗೆ ಒಬ್ಬೊಬ್ಬರೇ ಇರುವವರು ಈಗ ಬಹಳ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಊರಿನ ಭಾಗಗಳು ಮುಳುಗಿ ನವನಗರ ಎದ್ದು ನಿಂತಿತು. 1997ರಲ್ಲಿ ಬಾಗಲಕೋಟೆ ಜಿಲ್ಲಾ ಕೇಂದ್ರವಾಯಿತು, 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಓದುವ ಹುಡುಗರು, ಹುಡುಗಿಯರು, ಪರೀಕ್ಷೆಗೆ ತಯಾರಿ ನಡೆಸುವವರು, ವರ್ಗವಾಗಿ ಬಂದ ನೌಕರರು ಎಲ್ಲರೂ ರೂಮ್ ಮಾಡಿಕೊಂಡು ಇರುವ ಊರಾಯಿತು ಇದು. ಇನ್ನೊಂದು ಕಡೆ ಬಾದಾಮಿ, ಹುನಗುಂದದ ಹಳ್ಳಿಗಳಲ್ಲಿ ಮಕ್ಕಳು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ, ಮನೆಯಲ್ಲಿ ಮುದುಕಿ ಒಬ್ಬಳೇ ಉಳಿದಿದ್ದಾಳೆ. ಹುಡುಗನ ಒಂಟಿತನಕ್ಕೆ ಮುಂದೊಂದು ಆಸೆ ಇದೆ. ಮುದುಕಿಯ ವಿಷಯ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಹುಡುಗರ ಖರ್ಚನ್ನು ಮೊದಲಿನಿಂದಲೂ ಹಗುರ ಮಾಡಿದ್ದು ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಬುತ್ತಿ. ನಸುಕಿನಲ್ಲೇ ತಾಯಿ ರೊಟ್ಟಿ ಬಡಿದು, ಪಲ್ಯ ಹಾಕಿ, ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಇಡುತ್ತಾಳೆ. ಡ್ರೈವರ್ ಅದನ್ನು ತನ್ನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ. ನಿಲ್ದಾಣದಲ್ಲಿ ಮಗ ಕಾದು ನಿಂತು ತನ್ನ ಗಂಟನ್ನು ಗುರುತು ಹಿಡಿದು ಒಯ್ಯುತ್ತಾನೆ, ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಹಿಂದಕ್ಕೆ ಕಳಿಸುತ್ತಾನೆ. ಬಡವರ ಮನೆಯ ಎಷ್ಟು ಮಕ್ಕಳು ಈ ಗಂಟಿನ ಮೇಲೆ ಡಿಗ್ರಿ ಮುಗಿಸಿದ್ದಾರೆ! ಆ ಡ್ರೈವರುಗಳಿಗೂ ಕಂಡಕ್ಟರುಗಳಿಗೂ ನಮ್ಮ ಸೀಮೆ ಋಣಿ ಎಂದೇ ನಾನು ತಿಳಿದಿದ್ದೇನೆ.

ಬಸ್ಸು ಬಾರದ ದಿನಕ್ಕೆ ಕಟಕ ರೊಟ್ಟಿ ಇದೆ. ತೆಳ್ಳಗೆ ಬಡಿದು, ಬೇಯಿಸಿ, ನೀರಿನ ಪಸೆ ಹೋಗುವಂತೆ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್ಜು ಬೇಡ, ಬಿಸಿ ಮಾಡುವ ಗ್ಯಾಸೂ ಬೇಡ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದಿಷ್ಟು ಮೊಸರು. ಚಳಿಗಾಲದಲ್ಲಾದರೆ ಹೊಲದಲ್ಲಿ ತಾನಾಗಿ ಬೆಳೆಯುವ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ಎಲ್ಲವನ್ನೂ ಹಸಿಯಾಗಿಯೇ ತಿನ್ನಬಹುದು. ಬಾದಾಮಿಯ ಬನಶಂಕರಿಗೆ ಹೋದವರು ನೋಡಿಯೇ ಇರುತ್ತಾರೆ: ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದು, ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರ, ಮಣ್ಣಿನ ಕುಡಿಕೆಯ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ದೊಡ್ಡ ಹೋಟೆಲಿನಲ್ಲಿ ಸಿಗದ ತೃಪ್ತಿ ಆ ಊಟದಲ್ಲಿದೆ. ಊರೂರಿನಲ್ಲಿ ಈಗ ರೊಟ್ಟಿ ಮಾಡಿ ಮಾರುವ ಮನೆಗಳಿವೆ. ಒಬ್ಬರಿಗಾಗಿ ಹಿಟ್ಟು ಬೀಸಿಸಿ, ಹಂಚು ಕಾಯಿಸಿ, ಮೂರು ರೊಟ್ಟಿ ಬಡಿಯುವ ಬದಲು ಬೇಕಾದಷ್ಟನ್ನು ಅಲ್ಲಿ ಕೊಂಡರೆ ನಿಮಗೂ ಉಳಿತಾಯ, ಹಂಚಿನ ಮುಂದೆ ಕೂತ ತಾಯಿಯ ಮನೆಗೂ ಆದಾಯ. ಅವರ ಹತ್ತಿರ ಮಾತ್ರ ಚೌಕಾಸಿ ಮಾಡಬೇಡಿ.

ಕೈ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು? ಇದನ್ನು ನನಗೆ ಸ್ಪಷ್ಟ ಮಾಡಿದ್ದು ಇಳಕಲ್ಲ ಸೀರೆ. ಸಾಂಪ್ರದಾಯಿಕ ಇಳಕಲ್ಲ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಮಗ್ಗದ ಮೇಲೆ ಹತ್ತಿಯ ಹಾಸಿನ ಎಳೆಗೆ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ಆ ಕೌಶಲವೇ ಇಳಕಲ್ಲಿನ ಹೆಸರು. ದಿನವಿಡೀ ಹೊಲದಲ್ಲಿ, ಒಲೆಯ ಮುಂದೆ ದುಡಿಯುವ ಮೈಗೆ ಬೆವರು ಹೀರುವ ಹತ್ತಿ ಹಿತ. ತಲೆಯ ಮೇಲೆ ಹೊದೆಯುವ, ಕೂಸಿಗೆ ಮರೆಯಾಗುವ, ದೇವರ ಮುಂದೆ ಒಡ್ಡುವ ಸೆರಗಿಗೆ ರೇಷ್ಮೆಯ ಮರ್ಯಾದೆ. ಇಡೀ ಸೀರೆ ರೇಷ್ಮೆಯಾಗಿದ್ದರೆ ಬಡವರ ಮನೆಗೆ ಬರುತ್ತಿರಲಿಲ್ಲ, ಪೂರ್ತಿ ಹತ್ತಿಯಾಗಿದ್ದರೆ ಮದುವೆಗೆ ಉಡುತ್ತಿರಲಿಲ್ಲ. ಅದು ಹಳತಾಗಿ ಮೆತ್ತಗಾದ ಮೇಲೂ ಕೆಲಸ ಮುಗಿಯುವುದಿಲ್ಲ. ಪದರ ಪದರವಾಗಿ ಹಾಸಿ, ಸಾಲು ಸಾಲು ಹೊಲಿಗೆ ಹಾಕಿದರೆ ಕೌದಿ. ಊರು ಬಿಟ್ಟು ಓದಲು ಹೋಗುವ ಮಗನ ಗಂಟಿನಲ್ಲಿ ಅವ್ವನ ಸೀರೆಯ ಕೌದಿ ಇರುತ್ತದೆ. ಹೊಸ ಹೊದಿಕೆಗೆ ದುಡ್ಡು ಕೊಡುವುದು ತಪ್ಪುತ್ತದೆ, ಆದರೆ ಆ ಬಿಸುಪು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಸೆರಗಿನಂಥ ಕಡೆ ಕೈ ಸಡಿಲ ಬಿಡಬೇಕು, ಸರಿ. ಹಾಗಾದರೆ ಬಿಗಿ ಹಿಡಿಯಬೇಕಾದದ್ದು ಎಲ್ಲಿ? ಅದಕ್ಕೂ ಇಳಕಲ್ಲಿಗೇ ಹೋಗಬೇಕು. ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಹೆಗಲಿಗೆ ಒಂದು ಜೋಳಿಗೆ ಹಾಕಿಕೊಂಡು ಹೊರಟರು. ಮಠಾಧೀಶರು ಜೋಳಿಗೆ ಒಡ್ಡಿದರೆ ಕಾಳು, ಕಾಸು ಹಾಕುವುದು ರೂಢಿ. ಇವರು ನಿಮ್ಮ ಕುಡಿತ ಹಾಕಿ, ತಂಬಾಕು ಹಾಕಿ, ದುಶ್ಚಟ ಹಾಕಿ ಎಂದು ಕೇಳಿದರು. ಅದೇ ಮಹಾಂತ ಜೋಳಿಗೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟುದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಒಬ್ಬನೇ ಇರುವ ಹುಡುಗನ ಕೋಣೆಗೆ ಆ ಜೋಳಿಗೆ ಮೊದಲು ಬರಬೇಕು ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ಕೇಳುವವರಿಲ್ಲ ಎಂಬ ಸಲುಗೆಯಲ್ಲಿ ಚಟ ಬೇಗ ಒಳಗೆ ಬರುತ್ತದೆ. ದಿನಕ್ಕೆ ಐವತ್ತು ರೂಪಾಯಿ ಗುಟ್ಕಾಕ್ಕೋ ಸಿಗರೇಟಿಗೋ ಹೋದರೆ ವರ್ಷಕ್ಕೆ 18,250 ರೂಪಾಯಿ. ದೇಹಕ್ಕೆ ಆಗುವ ಹಾನಿ ಈ ಲೆಕ್ಕದಲ್ಲಿ ಸೇರಿಲ್ಲ. ಫೋನಿನಲ್ಲಿ ರಾತ್ರಿ ತರಿಸುವ ತಿಂಡಿ, ಕಂತಿನ ಮೇಲೆ ಕೊಂಡ ಹೊಸ ಮೊಬೈಲು ಇವೂ ಅದೇ ಜೋಳಿಗೆಗೆ ಸೇರಬಹುದು.

ಹಾಗೆ ಉಳಿದ ದುಡ್ಡು ಕಿಸೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೊಂದು ಜಾಗ ಬೇಕು. ನೇಕಾರರ ಸಂಕಟ ನೋಡಿ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಈಗಲೂ ನಮ್ಮ ಪೇಟೆಗಳಲ್ಲಿ ಸಂಜೆಯ ಹೊತ್ತು ಪಿಗ್ಮಿ ಏಜೆಂಟರು ಅಂಗಡಿ ಅಂಗಡಿ ತಿರುಗುತ್ತಾರೆ. ಅಂಚೆ ಕಚೇರಿಯ ಆವರ್ತ ಠೇವಣಿಯನ್ನು ತಿಂಗಳಿಗೆ ನೂರು ರೂಪಾಯಿಯಿಂದ ತೆರೆಯಬಹುದು. ಒಂಟಿ ಇರುವವರಿಗೆ ಜ್ವರ ಬಂದರೆ ಆಟೋ ಕರೆಯಲೂ ಕೈಯಲ್ಲಿ ದುಡ್ಡಿರಬೇಕು. ಅದಕ್ಕಾದರೂ ಈ ಉಳಿತಾಯ ಇರಲಿ.

ಇನ್ನು ಆ ಮುದುಕಿಯ ಮಾತು. ಆಕೆಗೆ ಮಿತವ್ಯಯವನ್ನು ಯಾರೂ ಕಲಿಸಬೇಕಾಗಿಲ್ಲ. ಆಕೆ ಉಳಿಸುವುದು ಎಲ್ಲಿ ಎಂಬುದೇ ನನ್ನ ಸಂಕಟ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ರೂಪಾಯಿ ಬರುತ್ತಿದೆ, ಕೆಲವರಿಗೆ ಪಿಂಚಣಿಯೂ ಇದೆ. ಅದನ್ನು ಮುಟ್ಟದೆ ಗಂಟು ಹಾಕಿ ಇಡುತ್ತಾಳೆ. ಏನಕ್ಕ, ಯಾರಿಗೆ ಇಡ್ತಿ ಎಂದು ಕೇಳಿದರೆ, “ಮಮ್ಮಗಳ ಲಗ್ನಕ್ಕ ಆಗ್ತದ, ಇಲ್ಲಂದ್ರ ನನ್ನ ಮಣ್ಣಿಗರ ಆಗ್ತದ” ಎನ್ನುತ್ತಾಳೆ. ಸತ್ತಾಗ ಮಕ್ಕಳಿಗೆ ಭಾರವಾಗಬಾರದೆಂದು ಬದುಕಿದ್ದಾಗ ಅರೆಹೊಟ್ಟೆ ಉಣ್ಣುತ್ತಾಳೆ. ಬೆಳಿಗ್ಗೆ ಚಹಾದಲ್ಲಿ ತಂಗಳ ರೊಟ್ಟಿ, ಸಂಜೆ ಹಸಿಮೆಣಸಿನ ಖಾರದ ಜೊತೆ ಇನ್ನೊಂದು. ಒಬ್ಬಳಿಗೆ ಏನು ಬೇಳೆ ಬೇಯಿಸೋದು ಎಂದು ಅಡಿಗೆಗೆ ಒಲೆಯನ್ನೇ ಹಚ್ಚುವುದಿಲ್ಲ. ಇದನ್ನು ಉಳಿತಾಯ ಎನ್ನಲು ನನ್ನ ಬಾಯಿ ಒಪ್ಪುವುದಿಲ್ಲ. ಸೀರೆಯ ಸೆರಗನ್ನೇ ಕತ್ತರಿಸಿದ ಹಾಗಾಯಿತು ಇದು.

ಕೂಡಲಸಂಗಮ ಇರುವ ಈ ಸೀಮೆಯಲ್ಲಿ ಶರಣರ ಕಥೆ ಕೇಳದೆ ಬೆಳೆದವರು ಕಡಿಮೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳಗಳಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಈ ಕಥೆಯನ್ನು ನಾವು ಆಸೆ ಪಡಬಾರದು ಎಂಬಲ್ಲಿಗೆ ನಿಲ್ಲಿಸುತ್ತೇವೆ. ಆ ದಿನದ ಅಕ್ಕಿಯನ್ನು ಲಕ್ಕಮ್ಮ ಬೇಯಿಸಿದಳು, ಉಣಬಡಿಸಿದಳು, ದಾಸೋಹ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ನಾಳೆಗೆ ಕೂಡಿಡುವುದನ್ನು ಬಿಟ್ಟಳೇ ಹೊರತು ಇವತ್ತಿನ ಗಡಿಗೆಯನ್ನು ಆಕೆ ಬೋರಲು ಹಾಕಲಿಲ್ಲ.

ಈ ಹೊತ್ತಿನಲ್ಲಿ ಒಬ್ಬರೇ ಕೂತು ರೇಡಿಯೋ ಕೇಳುತ್ತಿರುವ ಅವ್ವಗಳೇ, ಅಕ್ಕಗಳೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಒಂದು ಹಿಡಿ ಹೆಸರುಬೇಳೆ ಈಗಲೇ ನೆನೆಹಾಕಿ, ತೊಗರಿಗಿಂತ ಬೇಗ ಬೇಯುತ್ತದೆ. ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗದಿದ್ದರೆ ಓಣಿಯಲ್ಲಿ ನಿಮ್ಮ ಹಾಗೆಯೇ ಒಬ್ಬರೇ ಇರುವವರನ್ನು ಕರೆಯಿರಿ. ಇವತ್ತು ನಿಮ್ಮ ಮನೆಯಲ್ಲಿ ಸಾರು, ನಾಳೆ ಅವರ ಮನೆಯಲ್ಲಿ ಪಲ್ಯ. ಎರಡು ಒಲೆಯ ಗ್ಯಾಸಿನಲ್ಲಿ ಒಂದು ಒಲೆಯದು ಉಳಿಯುತ್ತದೆ, ಇಬ್ಬರ ಹೊಟ್ಟೆಯೂ ತುಂಬುತ್ತದೆ. ಗೋವಾದಲ್ಲೋ ಮಂಗಳೂರಿನಲ್ಲೋ ಇರುವ ಮಕ್ಕಳೇ, ನೀವು ಸಂಜೆ ಫೋನ್ ಮಾಡಿದಾಗ ಊಟ ಆಯ್ತೇನವ್ವ ಎಂದಷ್ಟೇ ಕೇಳಿ ಬಿಡಬೇಡಿ. ಏನು ಅಡಿಗೆ ಮಾಡಿದ್ದಿ ಎಂದು ಕೇಳಿ.