ಮಷೀನಿಗೂ ಒಂದು ಮೋರಿ ಇದೆ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯಲ್ಲಿ ನಾವೇ ಮಾಡಿಕೊಳ್ಳಬಹುದಾದ ರಿಪೇರಿಗಳ ಬಗ್ಗೆ ಮಾತಾಡಿ ಎಂದು ನಮ್ಮ ಸಂಚಾಲಕಿಯವರು ಕೇಳಿದರು. ಹತ್ತು ವಿಷಯ ಅರ್ಧಂಬರ್ಧ ಹೇಳುವುದಕ್ಕಿಂತ ಒಂದನ್ನೇ ಪೂರ್ತಿ ಹೇಳೋಣ ಎಂದುಕೊಂಡೆ. ವಾಷಿಂಗ್ ಮಷೀನ್ ಬಟ್ಟೆ ಒಗೆಯುತ್ತದೆ, ಆದರೆ ನೀರು ಹೊರಗೆ ಹೋಗುವುದಿಲ್ಲ. ಒಳಗೆ ಬಟ್ಟೆ, ಬಟ್ಟೆಯ ಸುತ್ತ ಕೊಳೆನೀರು, ಬಾಗಿಲು ಲಾಕ್. ವಡಪಳನಿಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೆ ನಾಲ್ಕೈದು ಮನೆಯಿಂದಾದರೂ ಈ ದೂರು ನನ್ನ ಕಿವಿಗೆ ಬೀಳುತ್ತದೆ.

ಇದೇನು ಭಾಷಣ ಮಾಡುವಂಥ ವಿಷಯವೇ ಎಂದು ನಗಬೇಡಿ. ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ ಅವರು 2010ರ ಡಿಸೆಂಬರಿನಲ್ಲಿ ಮಹಿಳೆಯರಿಗಾಗಿ ನಡೆದ ಟೆಡ್ ಸಮಾವೇಶದಲ್ಲಿ ವಾಷಿಂಗ್ ಮಷೀನಿನ ಬಗ್ಗೆಯೇ ಮಾತಾಡಿದರು. ಮನೆಗೆ ಮಷೀನ್ ಬಂದ ಮೇಲೆ ಉಳಿದ ಹೊತ್ತಿನಲ್ಲಿ ಅಮ್ಮ ತಮ್ಮನ್ನು ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದರು ಎಂದು ಅವರು ನೆನಪಿಸಿಕೊಂಡಿದ್ದಾರೆ. ನಮ್ಮ ದೇಶದಲ್ಲಿ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮಷೀನ್ ನಾಲ್ಕು ದಿನ ನಿಂತರೆ ಆ ಒಗೆತ ಯಾರ ಕೈಗೆ ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನಮಗೆ, ಇಲ್ಲವೇ ನಮ್ಮ ಮನೆಗೆಲಸದಾಕೆಗೆ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದು, ಇಬ್ಬರೇ ವಯಸ್ಸಾದವರಿರುವ ಮನೆಯಲ್ಲಂತೂ ನೆನೆದ ಬೆಡ್‌ಶೀಟನ್ನು ಎತ್ತಿ ಹಿಂಡುವವರು ಯಾರು?

ನಾನು ಹೇಳಬೇಕೆಂದಿರುವುದು ಇಷ್ಟೇ. ನೀರು ಹೋಗದಿದ್ದರೆ ಮಷೀನ್ ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಬಚ್ಚಲಿನಲ್ಲಿ ನೀರು ನಿಂತರೆ ಮನೆಯನ್ನೇ ಒಡೆಸುತ್ತೇವೆಯೇ? ಮೋರಿಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ನೋಡುತ್ತೇವೆ. ಮಷೀನಿಗೂ ಒಂದು ಮೋರಿ ಇದೆ. ಅದು ಎಲ್ಲಿದೆ ಎಂದು ತಿಳಿದಿರಬೇಕು.

ಎಲ್ಲಕ್ಕಿಂತ ಮೊದಲು ಸುರಕ್ಷತೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಪಕ್ಕಕ್ಕಿಡಿ. ನೀರು ತರುವ ನಲ್ಲಿಯನ್ನೂ ಮುಚ್ಚಿ. ಬಿಸಿನೀರಿನ ಒಗೆತ ಹಾಕಿದ್ದರೆ ಆರುವವರೆಗೆ ಕಾಯಿರಿ. 60 ಡಿಗ್ರಿಯ ನೀರು ಕೈಮೇಲೆ ಬಿದ್ದರೆ ಬೊಬ್ಬೆ ಬರುತ್ತದೆ. ಈ ಮೂರು ಮಾತನ್ನು ಮನೆಗೆಲಸದಾಕೆಗೂ ಹೇಳಿಕೊಡಿ. ಕರೆಂಟ್ ಇರುವಾಗಲೇ ನಿಂತ ನೀರಿಗೆ ಕೈಹಾಕುವ ಅಪಾಯ ಹೆಚ್ಚಾಗಿ ಅವಳ ಪಾಲಿಗೇ ಬರುತ್ತದೆ. ಮನೆಯ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ಎಂದು ಇವತ್ತೇ ಮನೆಗೆ ಹೋಗಿ ನೋಡಿ. ಕರೆಂಟ್ ಸೋರಿದರೆ ಅದು ಕ್ಷಣದಲ್ಲಿ ಸಂಪರ್ಕ ಕಡಿಯುತ್ತದೆ.

ಇನ್ನು ನಿಮ್ಮ ಮಷೀನ್ ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮಷೀನಿನಲ್ಲಿ ಒಂದು ಪುಟ್ಟ ಪಂಪು ನೀರನ್ನು ಮೇಲಕ್ಕೆತ್ತಿ ಹೊರಗೆ ತಳ್ಳುತ್ತದೆ. ಅದಕ್ಕೇ ಅದರ ಪೈಪಿನ ತುದಿಯನ್ನು ನೆಲದಿಂದ ಸಾಮಾನ್ಯವಾಗಿ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ಇಡಲು ಹೇಳುತ್ತಾರೆ. ಮೇಲೆ ಮುಚ್ಚಳವಿರುವ ನಮ್ಮ ಎಷ್ಟೋ ಟಾಪ್ ಲೋಡ್ ಮಷೀನುಗಳಲ್ಲಿ ಪಂಪೇ ಇರುವುದಿಲ್ಲ. ಒಂದು ವಾಲ್ವ್ ತೆರೆದುಕೊಳ್ಳುತ್ತದೆ, ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗುತ್ತದೆ. ಅವುಗಳ ಪೈಪು ನೆಲದ ಮೇಲೇ ಮಲಗಿರಬೇಕು.

ಈ ವ್ಯತ್ಯಾಸ ನಮ್ಮ ಊರಿಗೆ ಬಹಳ ಮುಖ್ಯ. 2019ರ ಬೇಸಿಗೆ ನೆನಪಿದೆಯಲ್ಲ? ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿ, ಲಾರಿ ನೀರಿಗೆ ಕೊಡ ಹಿಡಿದು ಕಾದ ದಿನಗಳು. ಆಗ ಮಷೀನಿನ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟು ಟಾಯ್ಲೆಟ್ಟಿಗೆ ಬಳಸುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಬಂತು. ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಟಾಪ್ ಲೋಡ್ ಮಷೀನಿನ ಪೈಪನ್ನು ಎತ್ತರದ ಡ್ರಮ್ಮಿನ ಬಾಯಿಗೆ ಏರಿಸಿದರೆ ನೀರು ಅರ್ಧಕ್ಕೇ ನಿಲ್ಲುತ್ತದೆ. ಅಂಥ ಮಷೀನಿಗೆ ಗಿಡ್ಡನೆಯ ಟಬ್ ಇಟ್ಟು ಅಲ್ಲಿಂದ ಮೊಗೆದುಕೊಳ್ಳಿ. ಫ್ರಂಟ್ ಲೋಡಿಗೆ ಡ್ರಮ್ಮು ನಡೆಯುತ್ತದೆ.

ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಇದ್ದವರು ಎರಡು ವಿಷಯ ನೋಡಿ. ತಿರುಗಿಸುವ ಗುಂಡಿ ‘ಡ್ರೈನ್’ ಎಂಬಲ್ಲಿಗೆ ಪೂರ್ತಿ ಬಂದಿದೆಯೇ? ಪಕ್ಕದ ಕೊಂಡಿಗೆ ಸಿಕ್ಕಿಸಿದ ಪೈಪನ್ನು ಕೆಳಗೆ ಇಳಿಸಿದ್ದೀರಾ?

ಯಾವ ಮಷೀನೇ ಆಗಲಿ, ಹುಡುಕುವುದನ್ನು ಹೊರಗಿನಿಂದ ಒಳಕ್ಕೆ ಮಾಡಬೇಕು. ಮೊದಲು ಪೈಪು. ನೆಲ ಒರೆಸುವಾಗ ಮಷೀನನ್ನು ಹಿಂದಕ್ಕೆ ತಳ್ಳಿದರೆ ಪೈಪು ಗೋಡೆಗೆ ಒತ್ತಿ ಮಡಚಿಕೊಳ್ಳುತ್ತದೆ. ಆಮೇಲೆ ಪೈಪು ಸೇರುವ ಬಾಲ್ಕನಿ ಅಥವಾ ಬಚ್ಚಲಿನ ಮೋರಿ. ಅಲ್ಲಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ಅಲ್ಲೇ ನಿಂತರೆ ನಿಮಗೆ ಬೇಕಾದವನು ಮಷೀನಿನ ಮೆಕ್ಯಾನಿಕ್ ಅಲ್ಲ, ಪ್ಲಂಬರ್.

ಇವೆರಡೂ ಸರಿಯಿದ್ದರೆ ಫಿಲ್ಟರ್. ಫ್ರಂಟ್ ಲೋಡಿನಲ್ಲಿ ಮುಂಭಾಗದ ಕೆಳಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದರ ಹಿಂದೆ ಇರುವುದೇ ಮಷೀನಿನ ಮೋರಿಯ ಜಾಲರಿ. ನೆಲಕ್ಕೆ ಹಳೇ ಟವೆಲ್ ಹಾಸಿ, ಅಂಚಿರುವ ಒಂದು ತಟ್ಟೆ ಇಡಿ. ಪಕ್ಕದಲ್ಲಿ ಬೆರಳುಗಾತ್ರದ ಸಣ್ಣ ಪೈಪು ಇದ್ದರೆ, ಮೊದಲು ಅದರ ಬಿರಡೆ ತೆಗೆದು ನೀರನ್ನು ತಟ್ಟೆ ತಟ್ಟೆಯಾಗಿ ಹೊರಗೆ ಬಿಡಿ. ಒಳಗೆ ಒಂದೆರಡು ಬಕೆಟ್ ನೀರಾದರೂ ಇರಬಹುದು, ಆತುರ ಬೇಡ. ನೀರು ನಿಂತ ಮೇಲೆ ಫಿಲ್ಟರನ್ನು ಎಡಕ್ಕೆ ನಿಧಾನವಾಗಿ ತಿರುಗಿಸಿ ಹೊರಗೆಳೆಯಿರಿ.

ನಮ್ಮ ಕಟ್ಟಡದಲ್ಲಿ ಒಬ್ಬ ಹಿರಿಯರ ಮನೆಗೆ ಬಂದ ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿಯೂ ನೋಡದೆ ಪಂಪೇ ಬದಲಾಯಿಸಬೇಕು ಎಂದುಬಿಟ್ಟ. ಅವರು ನನ್ನನ್ನು ಕರೆದರು. ತೆಗೆದು ನೋಡಿದರೆ ಬ್ಲೌಸಿನ ಎರಡು ಹುಕ್ಕು, ಒಂದು ಸೇಫ್ಟಿ ಪಿನ್ನು, ಒಂದು ರೂಪಾಯಿ ನಾಣ್ಯ, ಸ್ಟಿಕರ್ ಬೊಟ್ಟು, ಅವೆಲ್ಲವನ್ನೂ ಸುತ್ತಿಕೊಂಡ ಕೂದಲು. ತೊಳೆದು ಹಾಕಿದೆವು, ಅರ್ಧ ಗಂಟೆಯಲ್ಲಿ ಮಷೀನ್ ಓಡಿತು. ಎಲ್ಲ ಮೆಕ್ಯಾನಿಕ್ಕುಗಳೂ ಹೀಗೆ ಎನ್ನುವುದಿಲ್ಲ. ನಿಜವಾಗಿ ಪಂಪ್ ಹೋಗುವುದೂ ಉಂಟು. ಆದರೆ ಫಿಲ್ಟರ್ ತೊಳೆಯುವುದು ಬಳಸುವವರ ಕೆಲಸ ಎಂದೇ ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ.

ಫಿಲ್ಟರ್ ತೆಗೆದಾಗ ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪಂಪಿನ ಪುಟ್ಟ ಫ್ಯಾನ್ ಕಾಣಿಸುತ್ತದೆ. ಚಮಚದ ಹಿಡಿಯಿಂದ ಮೆಲ್ಲಗೆ ತಿರುಗಿಸಿ. ಅದು ತಡೆತಡೆದು ತಿರುಗಿದರೆ ಗಾಬರಿ ಬೇಡ. ಒಳಗೆ ಅಯಸ್ಕಾಂತ ಇರುವುದರಿಂದ ಹಾಗಾಗುತ್ತದೆ. ಅಲ್ಲಾಡದಿದ್ದರೆ ದಾರವೋ ಪಿನ್ನೋ ಸಿಕ್ಕಿಕೊಂಡಿದೆ ಎಂದರ್ಥ. ಮತ್ತೆ ಹಾಕುವಾಗ ಫಿಲ್ಟರನ್ನು ಗಟ್ಟಿಯಾಗಿ ಕೂರಿಸಿ, ಸಡಿಲವಿದ್ದರೆ ಮನೆಯೆಲ್ಲ ನೀರು. ಆಮೇಲೆ ಪ್ಲಗ್ ಹಾಕಿ ‘ಸ್ಪಿನ್’ ಮಾತ್ರ ಕೊಟ್ಟು ನೋಡಿ.

ಈಗ ಕಿವಿ ಕೊಡಿ. ಗುಂಯ್ ಎಂಬ ಸದ್ದಿದ್ದೂ ನೀರು ಹೋಗದಿದ್ದರೆ ಇನ್ನೂ ಎಲ್ಲೋ ತಡೆ ಇದೆ. ಸದ್ದೇ ಇಲ್ಲದಿದ್ದರೆ ಪಂಪು, ಅದರ ವೈರು ಅಥವಾ ಬೋರ್ಡು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ಹಿಂದಿನ ತಗಡು ಬಿಚ್ಚುವುದು ನಮ್ಮದಲ್ಲ. ಎಷ್ಟೋ ಸಲ ನಾವು ‘ಮಷೀನ್ ಹಿಂಡುತ್ತಿಲ್ಲ’ ಎಂದು ದೂರುತ್ತೇವೆ. ಒಳಗೆ ನೀರಿದೆ ಎಂದು ಗೊತ್ತಾದರೆ ಮಷೀನ್ ಹಿಂಡುವುದೇ ಇಲ್ಲ, ಹಾಗಾಗಿ ಅಲ್ಲೂ ಮೊದಲು ಮೋರಿಯನ್ನೇ ನೋಡಬೇಕು. ಪರದೆಯ ಮೇಲೆ ಬರುವ ಅಕ್ಷರವನ್ನೂ ಬರೆದುಕೊಳ್ಳಿ. ಎಲ್‌ಜಿಯಲ್ಲಿ ‘ಓಇ’, ಸ್ಯಾಮ್‌ಸಂಗಿನಲ್ಲಿ ‘5ಸಿ’ ಅಥವಾ ‘5ಇ’, ಬಾಷ್‌ನಲ್ಲಿ ‘ಇ18’ ಬಂದರೆ ನೀರು ಹೋಗುತ್ತಿಲ್ಲ ಎಂದೇ ಅರ್ಥ.

ಮೆಕ್ಯಾನಿಕ್ಕಿಗೆ ಫೋನ್ ಮಾಡಬೇಕಾಗಿ ಬಂದರೆ ‘ಮಷೀನ್ ರಿಪೇರಿ’ ಎಂದಷ್ಟೇ ಹೇಳಬೇಡಿ. ಹೊಸದಾಗಿ ಈ ಊರಿಗೆ ಬಂದವರು ಈ ತಮಿಳು ಸಾಲನ್ನು ಕಲಿತುಕೊಳ್ಳಿ: ‘ಫಿಲ್ಟರ್ ಕ್ಲೀನ್ ಪಣ್ಣಿಟ್ಟೇನ್, ಮೋಟಾರ್ ಸತ್ತಂ ವರುದು, ತಣ್ಣಿ ಪೋಗಲೆ.’ ಫಿಲ್ಟರ್ ತೊಳೆದಾಯಿತು, ಮೋಟಾರಿನ ಸದ್ದು ಬರುತ್ತಿದೆ, ನೀರು ಹೋಗುತ್ತಿಲ್ಲ ಎಂದು. ಇಷ್ಟು ತಿಳಿದವರ ಮನೆಯಲ್ಲಿ ಸುಮ್ಮಸುಮ್ಮನೆ ಪಂಪ್ ಬದಲಾಯಿಸುವುದು ಸುಲಭವಲ್ಲ.

ನಮ್ಮ ಚೆನ್ನೈ ನೀರಿನ ಬಗ್ಗೆ ಎರಡು ಮಾತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕರಗದೆ ಬೆಣ್ಣೆಯಂಥ ಜಿಡ್ಡಾಗುತ್ತದೆ. ಅದಕ್ಕೆ ಬಟ್ಟೆಯ ನೂಲು, ಲಾರಿ ನೀರಿನ ಮಣ್ಣು ಸೇರಿದರೆ ಮೋರಿ ಕಟ್ಟಿಕೊಳ್ಳಲು ಇನ್ನೇನು ಬೇಕು? ಫ್ರಂಟ್ ಲೋಡಿಗೆ ಅದರದೇ ಪುಡಿ ಹಾಕಿ. ಬೇರೆ ಪುಡಿಯ ನೊರೆ ಹೆಚ್ಚಾದರೂ ಪಂಪು ನೀರೆಳೆಯಲು ಸೋಲುತ್ತದೆ.

ಇನ್ನು ಮಳೆ. ನಮಗೆ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. 2015ರ ಡಿಸೆಂಬರಿನ ಪ್ರವಾಹವನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಯಾರೂ ಮರೆತಿಲ್ಲ. ರಸ್ತೆಯ ಚರಂಡಿ ತುಂಬಿದಾಗ ನೆಲಮಹಡಿಯ ಮೋರಿಯಲ್ಲಿ ನೀರು ಹಿಂದಕ್ಕೆ ಬರುತ್ತದೆ, ಆ ದಿನ ಒಗೆತ ಬೇಡ. ಮಷೀನಿನ ಬುಡಕ್ಕೆ ಮಳೆನೀರು ನುಗ್ಗಿದ್ದರೆ ಒಣಗಿದಂತೆ ಕಂಡರೂ ಪ್ಲಗ್ ಹಾಕಬೇಡಿ. ಪಂಪು ಇರುವುದೇ ತಳದಲ್ಲಿ. ತಿಳಿದವರು ನೋಡಿ ಹೇಳಿದ ಮೇಲೆಯೇ ಕರೆಂಟ್.

ಕಡೆಯದಾಗಿ ಮೂರು ಅಭ್ಯಾಸ. ಒಗೆಯುವ ಮುಂಚೆ ಜೇಬು ತಡವಿ, ಸೀರೆಯ ಪಿನ್ನು ತೆಗೆಯಿರಿ. ಬ್ಲೌಸಿನ ಹುಕ್ಕು ಹಾಕಿ, ಕಾಲ್ಚೀಲ ಕರ್ಚೀಫುಗಳ ಜೊತೆ ಜಾಲರಿ ಚೀಲದಲ್ಲಿಡಿ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯಿರಿ. ನೆನಪಿಗೆ ಬೇಕಾದರೆ ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ ಇಟ್ಟುಕೊಳ್ಳಿ. ಮನೆಯ ಗಂಡಸರಿಗೂ ಮಕ್ಕಳಿಗೂ ಒಮ್ಮೆ ತೋರಿಸಿಕೊಡಿ, ಆ 97 ನಿಮಿಷ ಸ್ವಲ್ಪ ಹೆಚ್ಚಾದರೆ ಒಳ್ಳೆಯದೇ.

ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ನಿಮ್ಮ ಮಷೀನಿನ ಬಗ್ಗೆ ಕೇಳಬೇಕಾದ್ದನ್ನು ಕೇಳಿ, ತಿಳಿದಷ್ಟು ಹೇಳುತ್ತೇನೆ.