ಕೊಳಲಿಗೊಂದು ಮೊದಲ ಪುಸ್ತಕ

ಕೊಳಲು ಕಲಿಯುವ ಆಸೆ ಹುಟ್ಟಿದವರು ಸಾಮಾನ್ಯವಾಗಿ ಕೊಳಲಿನ ಜೊತೆಗೇ ಒಂದು ಪುಸ್ತಕವನ್ನೂ ಕೊಳ್ಳುತ್ತಾರೆ. ಒಳಗೆ ಸರಳೆ, ಜಂಟಿ, ದಾಟು, ಅಲಂಕಾರ, ಪಿಳ್ಳಾರಿ ಗೀತೆ. ಇಷ್ಟು ಹಾಡುಗಾರಿಕೆಯ ಪುಸ್ತಕದಲ್ಲೂ ಉಂಟು, ವೀಣೆಯದರಲ್ಲೂ ಉಂಟು. ಹಾಗಾದರೆ ಕೊಳಲಿನ ಪುಸ್ತಕ ಎನ್ನಿಸಿಕೊಳ್ಳಲು ಅದರಲ್ಲಿ ಇನ್ನೇನಿರಬೇಕು?

ಮೊದಲಿಗೆ, ಯಾವ ಕೊಳಲು ಎಂಬುದು ಸ್ಪಷ್ಟವಾಗಿರಬೇಕು. ನಮ್ಮ ರಾಜ್ಯದಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡೂ ಸಂಗೀತ ಪದ್ಧತಿಗಳಿವೆ. ಕರ್ನಾಟಕ ಸಂಗೀತದ ಕೊಳಲಿಗೆ ಎಂಟು ರಂಧ್ರ. ಮೇಲಿನ ಎರಡನ್ನು ಮುಚ್ಚಿ ಊದಿದರೆ ಷಡ್ಜ. ಹಿಂದೂಸ್ತಾನಿ ಬಾನ್ಸುರಿಗೆ ಸಾಮಾನ್ಯವಾಗಿ ಆರು. ಅಲ್ಲಿ ಮೂರನ್ನು ಮುಚ್ಚಿದರೆ ಷಡ್ಜ. ಒಂದರ ಚಿತ್ರ ನೋಡಿಕೊಂಡು ಇನ್ನೊಂದನ್ನು ಊದಿದವರಿಗೆ ಒಂದು ಸ್ವರವೂ ತನ್ನ ಜಾಗದಲ್ಲಿ ಸಿಗುವುದಿಲ್ಲ. ಎಷ್ಟು ಮನೆ ಶ್ರುತಿಯ ಕೊಳಲು ಹೊಸಬರ ಬೆರಳಿಗೆ ನಿಲುಕುತ್ತದೆ ಎಂಬುದನ್ನೂ ಆರಂಭದಲ್ಲೇ ಹೇಳಿಬಿಡಬೇಕು.

ನಿಜವಾದ ಪರೀಕ್ಷೆ ಮೊದಲನೇ ಪಾಠದಲ್ಲಿದೆ. ಸರಳೆಯನ್ನು ಮಾಯಾಮಾಳವಗೌಳದಲ್ಲಿ ಹೇಳಿಕೊಡುವುದು ಪುರಂದರದಾಸರಿಂದ ಬಂದದ್ದೆಂದು ನಂಬಿರುವ ಕ್ರಮ. ಕಂಠಕ್ಕೆ ಅದು ಒಗ್ಗುತ್ತದೆ. ಕೊಳಲಿನಲ್ಲಿ ಮಾತ್ರ ಆ ರಾಗದ ರಿಷಭ, ಧೈವತ, ನಿಷಾದ ಮೂರಕ್ಕೂ ರಂಧ್ರವನ್ನು ಅರ್ಧ ಮುಚ್ಚಬೇಕು. ನೆಟ್ಟಗೆ ನಾದವೇ ಹೊರಡದ ಹೊಸಬನಿಗೆ ಅದು ದೊಡ್ಡ ಶಿಕ್ಷೆ. ಬೆರಳನ್ನು ಪೂರ್ತಿ ಇಟ್ಟು ಪೂರ್ತಿ ಎತ್ತಿದರೆ ತಾನಾಗಿ ಬರುವುದು ಹರಿಕಾಂಭೋಜಿ. ಆದ್ದರಿಂದ ಅಲ್ಲಿಂದ ಆರಂಭಿಸಿ, ಬೆರಳು ಪಳಗಿದ ಮೇಲೆ ಮಾಯಾಮಾಳವಗೌಳಕ್ಕೆ ಬರುವ ಪುಸ್ತಕ ವಾದ್ಯವನ್ನು ಕೈಯಲ್ಲಿ ಹಿಡಿದು ಬರೆದದ್ದು ಎಂದು ನಾನು ನಂಬುತ್ತೇನೆ.

ಎರಡು ಜಾಗಗಳನ್ನು ತೆರೆದು ನೋಡಿ. ಒಂದು, ಗಾಂಧಾರದಿಂದ ಮಧ್ಯಮಕ್ಕೆ ಹೋಗುವ ಕಡೆ. ಗಾಂಧಾರಕ್ಕೆ ಎಲ್ಲ ಬೆರಳೂ ಮೇಲೆ. ಮರುಕ್ಷಣ ಮಧ್ಯಮಕ್ಕೆ ಮೇಲಿನ ಆರು ರಂಧ್ರ ಒಮ್ಮೆಲೇ ಮುಚ್ಚಬೇಕು, ಉಸಿರೂ ತುಸು ಬಿಗಿಯಾಗಬೇಕು. ಉಸಿರು ಸಡಿಲವಾದರೆ ಮಂದ್ರದ ಮಧ್ಯಮ ಗೊಗ್ಗರು ದನಿಯಲ್ಲಿ ಬರುತ್ತದೆ. ಕಪ್ಪು ಬಿಳುಪು ಸೊನ್ನೆಗಳ ಚಿತ್ರದಲ್ಲಿ ಬೆರಳು ಕಾಣುತ್ತದೆ, ಉಸಿರು ಕಾಣುವುದಿಲ್ಲ. ಅದನ್ನು ಮಾತಿನಲ್ಲಿ ಬರೆದಿದ್ದಾರೆಯೇ? ಇನ್ನೊಂದು, ಜಂಟಿ ವರಸೆ. ‘ಸಸ ರಿರಿ’ ಎನ್ನುವಾಗ ಹಾಡುಗಾರರು ಎರಡನೇ ಸ್ವರಕ್ಕೆ ಕಂಠದಿಂದ ಒತ್ತು ಕೊಡುತ್ತಾರೆ. ಕೊಳಲಿನವರು ಅದನ್ನು ನಾಲಗೆಯಿಂದ ‘ತು’ ಎಂದು ಬಿಡಿಸಬೇಕೋ, ಬೆರಳು ತಟ್ಟಿ ಬಿಡಿಸಬೇಕೋ? ಇದಕ್ಕೆ ಉತ್ತರವಿಲ್ಲದ ಪುಸ್ತಕ ಹಾಡುಗಾರಿಕೆಯ ಪುಸ್ತಕದ ನಕಲು ಅಷ್ಟೇ.

ಸಂಗೀತದ ಜೂನಿಯರ್ ಪರೀಕ್ಷೆಯ ಪಠ್ಯಕ್ಕೆಂದೇ ಹೊಂದಿಸಿದ ಪುಸ್ತಕಗಳಲ್ಲಿ ಲಕ್ಷಣಭಾಗ ಚೆನ್ನಾಗಿರುತ್ತದೆ. ಆದರೆ ಕೆಳತುಟಿ ಊದುರಂಧ್ರವನ್ನು ಎಷ್ಟು ಮುಚ್ಚಬೇಕು, ತಲೆ ಸುತ್ತಿದರೆ ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಅರ್ಧ ಪುಟವೂ ಸಿಗದೆ ಹೋಗಬಹುದು.

ಗಮಕದ ವಿಷಯ ಬೇರೆ. ಮಾಲಿ ಎಂದೇ ಹೆಸರಾದ ಟಿ. ಆರ್. ಮಹಾಲಿಂಗಂ ಕಂಠದ ಗಮಕಗಳನ್ನೆಲ್ಲ ಕೊಳಲಿಗೆ ತಂದರು. ಅವರ ವಾದನವನ್ನು ಸ್ವರಲಿಪಿಯಲ್ಲಿ ಬರೆದರೆ ಸ್ವರಗಳ ಸಾಲು ಉಳಿದೀತು, ನಡುವಿನ ಜಾರು, ಕಂಪಿತ ಉಳಿಯುವುದಿಲ್ಲ. ಅಲ್ಲಿಗೆ ಬಂದಾಗ ‘ಇನ್ನು ಗುರುಗಳನ್ನು ಕೇಳಿ’ ಎಂದು ನೇರವಾಗಿ ಬರೆಯುವ ಲೇಖಕರನ್ನು ಉಳಿದ ಪುಟಗಳಲ್ಲೂ ಧೈರ್ಯವಾಗಿ ನಂಬಬಹುದು. ‘ಗುರುವಿಲ್ಲದೆ ಕಲಿಯಿರಿ’ ಎಂದು ರಕ್ಷಾಪುಟದಲ್ಲೇ ಸಾರುವ ಪುಸ್ತಕವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.